ಕಣದಲ್ಲಿ ಸಿಕ್ಕ ಎಡಗೈ

ನನ್ನ ಎಡಗೈ ನನಗೆ ಎರಡು ಸಲ ಬಂದದ್ದು. ಮೊದಲ ಸಲ ಎಲ್ಲರಿಗೂ ಬರುವ ಹಾಗೆ ಹುಟ್ಟುವಾಗಲೇ ಬಂತು. ಎರಡನೆಯ ಸಲ ಅಡರಕಟ್ಟಿಯಲ್ಲಿ, ನಮ್ಮ ಅತ್ತೆಯ ಕಣದಲ್ಲಿ ಬಂತು. ಮೊದಲು ಬಂದದ್ದನ್ನು ಕಸಿದುಕೊಂಡವಳೂ ಅತ್ತೆ, ಆಮೇಲೆ ಕೊಟ್ಟವಳೂ ಅತ್ತೆ. ಕೊಡುವಾಗ ತಾನೇನು ಕೊಡುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ, ತೆಗೆದುಕೊಳ್ಳುವಾಗ ನನಗೂ ಗೊತ್ತಿರಲಿಲ್ಲ.

ಈಗ ನನ್ನ ಮೊಮ್ಮಗಳು ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾಳೆ. ಬೇಸಿಗೆ ಬಂತೆಂದರೆ ಅವಳಿಗೆ ತರಬೇತಿ ಶಿಬಿರ. ನೆಲದ ಮೇಲೆ ಬಣ್ಣ ಬಣ್ಣದ ಟೋಪಿಗಳನ್ನು ಸಾಲಾಗಿ ಇಟ್ಟು, ಅವುಗಳ ನಡುವೆ ಚೆಂಡು ಪುಟಿಸುತ್ತ ಓಡುತ್ತಾರಂತೆ. ಒಂದು ದಿನ, "ಅಜ್ಜಾ, ನಿಮ್ಮ ಕಾಲದಾಗ ರಜಾದಾಗ ಪ್ರಾಕ್ಟೀಸ್ ಎಲ್ಲಿ ಮಾಡತಿದ್ರಿ?" ಎಂದು ಕೇಳಿದಳು. ಕಣದಲ್ಲಿ ಎಂದೆ. ಅವಳು ಚುನಾವಣೆಯ ಕಣ ಎಂದುಕೊಂಡಳು. ಪೇಪರಿನಲ್ಲಿ ಅವಳು ಓದುವ ಕಣ ಅದೊಂದೇ. ನನಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಇದನ್ನು ಬರೆಯಲು ಕುಳಿತೆ.

ನಮ್ಮ ತಂದೆಗೆ ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇತ್ತು. ನಾನು ಹುಟ್ಟಿದ ಬೆನ್ನಿಗೇ ತಂಗಿ ಹುಟ್ಟಿದಳು. ಎರಡು ಕೂಸುಗಳನ್ನು ಸಂಭಾಳಿಸುವುದು ತಾಯಿಗೆ ಆಗದೆ, ನನ್ನನ್ನು ಅಡರಕಟ್ಟಿಗೆ, ತಂದೆಯ ಅಕ್ಕನ ಮನೆಗೆ ಕಳಿಸಿದರು. ಶಾಲೆಗೆ ಹೋಗುವ ವಯಸ್ಸು ಬರುವವರೆಗೆ ನಾನು ಅಲ್ಲೇ ಬೆಳೆದೆ. ಅತ್ತೆ ಮತ್ತು ಮಾಮನಿಗೆ ಮಕ್ಕಳಿರಲಿಲ್ಲ. ಹೊಲ ಇತ್ತು, ಎರಡು ಜೋಡಿ ಎತ್ತು ಇದ್ದವು, ಮಾಮ ಅಷ್ಟಾಗಿ ಮಾತಾಡುವ ಮನುಷ್ಯನಲ್ಲ. ಮನೆಯ ಮಾತೆಲ್ಲ ಅತ್ತೆಯೇ ಆಡುತ್ತಿದ್ದಳು.

ನಾನು ಹುಟ್ಟಾ ಎಡಚ. ತುತ್ತು ಎತ್ತುವುದು, ಕಲ್ಲು ಒಗೆಯುವುದು, ಕರುವಿನ ಕಿವಿ ಹಿಂಡುವುದು ಎಲ್ಲ ಎಡಗೈಯಲ್ಲೇ. ಅತ್ತೆ ಇದನ್ನು ಕಂಡು ಕಂಗಾಲಾದಳು. ಊಟದ ಹೊತ್ತಿಗೆ ತನ್ನ ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ತಂದು, ನನ್ನ ಎಡಗೈಯನ್ನು ಮುಷ್ಟಿ ಮಾಡಿಸಿ, ಅದರ ಮೇಲೆ ಸುತ್ತಿ ಗಂಟು ಹಾಕಿ ಕೂಡಿಸುತ್ತಿದ್ದಳು. ಊಟವಾದ ಮೇಲೆ ಬಿಚ್ಚುತ್ತಿದ್ದಳು. ಎಂದೂ ಬೈಯಲಿಲ್ಲ, ಹೊಡೆಯಲಿಲ್ಲ. ಗಂಟು ಹಾಕುವಾಗ ಮಾತ್ರ, "ನಾಳಿ ಪಂಕ್ತ್ಯಾಗ ಕುಂತಾಗ ನಾಕ ಮಂದಿ ನಿನ್ನ ನೋಡಿ ನಗಬಾರದಪಾ" ಎನ್ನುತ್ತಿದ್ದಳು. ಅವಳ ಭಯವೆಲ್ಲ ಅದೊಂದೇ ಆಗಿತ್ತು, ಎಲ್ಲರೂ ಕುಳಿತ ಸಾಲಿನಲ್ಲಿ ನಾನೊಬ್ಬ ಬೇರೆಯಾಗಿ ಕಾಣಬಾರದು ಎಂಬುದು.

ಬಟ್ಟೆ ತನ್ನ ಕೆಲಸ ಮಾಡಿತು. ಲಕ್ಷ್ಮೇಶ್ವರದ ಶಾಲೆಗೆ ಸೇರುವ ಹೊತ್ತಿಗೆ ನಾನು ಬಲಗೈಯವನಾಗಿದ್ದೆ. ಆದರೂ ಮನಸ್ಸು ಮೈಮರೆತಾಗ ಎಡಗೈ ತಾನೇ ಮುಂದೆ ಬರುತ್ತಿತ್ತು. ಸ್ವಾತಂತ್ರ್ಯ ಬಂದ ದಿನ ಶಾಲೆಯಲ್ಲಿ ಪೇಢೆ ಹಂಚಿದರು. ನಮ್ಮದು ಇನ್ನೂ ಸಂಸ್ಥಾನದ ಊರು, ನಮಗೆ ಎಷ್ಟು ಸ್ವಾತಂತ್ರ್ಯ ಬಂದಿದೆ ಎಂದು ಮಾಸ್ತರರಿಗೇ ಸರಿಯಾಗಿ ತಿಳಿದಿರಲಿಲ್ಲ. ಆದರೆ ಪೇಢೆ ಬಂದಿತ್ತು. ಸಾಲಿನಲ್ಲಿ ನನ್ನ ಪಾಳಿ ಬಂದಾಗ ಸಂಭ್ರಮಕ್ಕೆ ಎಡಗೈ ಚಾಚಿಬಿಟ್ಟೆ. ಹಂಚುತ್ತಿದ್ದವರು ಕೈ ನೋಡಿ, ನನ್ನನ್ನು ದಾಟಿ ಮುಂದಿನವನಿಗೆ ಕೊಟ್ಟರು. ಕಡೆಗೆ ಬಲಗೈಗೆ ಒಂದು ಸಿಕ್ಕಿತು, ಆದರೆ ಅಷ್ಟರಲ್ಲಿ ಅತ್ತು ಅತ್ತು ಅದರ ರುಚಿಯೇ ತಿಳಿಯಲಿಲ್ಲ. ಅಂದಿನಿಂದ ಎಡಗೈ ಪೂರ್ತಿ ಸುಮ್ಮನಾಯಿತು.

ಮುಂದೆ ಗದಗಿನ ಕಾಲೇಜಿಗೆ ಸೇರಿದೆ. ಅಲ್ಲಿ ನನಗೆ ಬಾಸ್ಕೆಟ್‌ಬಾಲಿನ ಹುಚ್ಚು ಹಿಡಿಯಿತು. ಓದಿನಲ್ಲಿ ಸಾಧಾರಣ, ಅಪ್ಪನ ಅಂಗಡಿಯಲ್ಲಿ ಕುಳಿತರೆ ತಕ್ಕಡಿ ನೋಡುವುದು ಬಿಟ್ಟು ರಸ್ತೆ ನೋಡುವವನು. ಚೆಂಡು ಕೈಯಲ್ಲಿ ಇದ್ದಾಗ ಮಾತ್ರ ನಾನೂ ಯಾವುದೋ ಕೆಲಸಕ್ಕೆ ಬರುವವನು ಅನಿಸುತ್ತಿತ್ತು. ನಮಗೆ ಆಟ ಕಲಿಸುತ್ತಿದ್ದ ಸರ್ ಮಿರಜದ ಕಡೆಯವರು. ಕನ್ನಡ ಆಡುತ್ತಿದ್ದರು, ಆದರೆ ಸಿಟ್ಟು ಬಂದಾಗ ಮರಾಠಿ ಮುಂದೆ ಬರುತ್ತಿತ್ತು. ಎಡ ಬಲ ಎನ್ನಲು ಅವರು ಡಾವಾ, ಉಜವಾ ಎಂದೇ ಕೂಗುತ್ತಿದ್ದರು. ಲಕ್ಷ್ಮೇಶ್ವರ ಒಂದು ಕಾಲಕ್ಕೆ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದ್ದು. ಹಾಗಾಗಿ ಗದಗ ಮುಂಡರಗಿಯ ಹುಡುಗರು, "ನಿಮ್ಮ ರಾಜರ ಊರಿಂದ ಸರ್ ಬಂದಾರ, ಮುಜರೆ ಮಾಡ್ರಿ" ಎಂದು ನನ್ನನ್ನೂ ಶಿರಹಟ್ಟಿಯ ಒಬ್ಬ ಹುಡುಗನನ್ನೂ ಗೋಳು ಹೊಯ್ದುಕೊಳ್ಳುತ್ತಿದ್ದರು.

ಎರಡನೆಯ ವರ್ಷ ಧಾರವಾಡದಲ್ಲಿ ನಡೆದ ಪಂದ್ಯದಲ್ಲಿ ನನ್ನ ಬಣ್ಣ ಬಯಲಾಯಿತು. ನಾನು ಬಲಗೈಯಲ್ಲಿ ಚೆಂಡು ಪುಟಿಸುತ್ತ ಬಲಕ್ಕೆ ಹೋದೆನೆಂದರೆ ಯಾರಿಗೂ ಸಿಗುತ್ತಿರಲಿಲ್ಲ. ಎದುರಿನವರು ಇದನ್ನು ಬೇಗ ಹಿಡಿದರು. ನನ್ನನ್ನು ಕಾಯುತ್ತಿದ್ದವನು ನನ್ನ ಬಲಕ್ಕೆ ಬಂದು ನಿಂತು, ಎಡಗಡೆ ಇಡೀ ಮೈದಾನ ಬಿಟ್ಟುಕೊಟ್ಟ. ಬಾಗಿಲು ತೆರೆದಿಟ್ಟಿದ್ದರೂ ಒಳಗೆ ಹೋಗಲು ನನಗೆ ಬರಲಿಲ್ಲ. ಎಡಗೈಗೆ ಚೆಂಡು ತಂದಾಗಲೆಲ್ಲ ಅದು ಕಾಲಿಗೆ ಬಡಿದು ಹೊರಗೆ ಹೋಯಿತು. ಸರ್ ನನ್ನನ್ನು ಕರೆದು ಕೂಡಿಸಿದರು.

ಬೇಸಿಗೆ ರಜೆಗೆ ಊರಿಗೆ ಹೊರಡುವ ಮುಂಚೆ ಅವರು ಎಲ್ಲರನ್ನೂ ಕರೆದು ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಚ್ಚಿದರು. ಮುಂಡರಗಿಯ ಎತ್ತರದ ಹುಡುಗನಿಗೆ ಜಿಗಿಯುವುದು, ಶಿರಹಟ್ಟಿಯವನಿಗೆ ನಿಂತಲ್ಲಿಂದ ರಿಂಗಿಗೆ ಚೆಂಡು ಹಾಕುವುದು. ನನ್ನ ಪಾಳಿ ಬಂದಾಗ ಒಂದು ಹಳೆಯ ತೊಗಲಿನ ಚೆಂಡು ಕೈಯಲ್ಲಿಟ್ಟರು.

"ನಿನಗ ಡಾವಾ ಕೈನ ಇಲ್ಲ" ಎಂದರು. "ಚೆಂಡು ಮೊಣಕಾಲಿನ ಮ್ಯಾಲ ಏಳಬಾರದು. ಕಣ್ಣು ಚೆಂಡಿನ ಮ್ಯಾಲ ಇರಬಾರದು. ಕಾಲೇಜು ಸುರು ಆದ ಮ್ಯಾಲ ಬೆಟಗೇರಿಯವ್ರ ಜೋಡಿ ಒಂದ ಮ್ಯಾಚ್ ಇಡತೇನಿ. ಅವತ್ತ ಡಾವಾ ಕೈ ಕಂಡ್ರ ನೀ ಐದು ಮಂದ್ಯಾಗ ಆಡತಿ. ಕಾಣಲಿಲ್ಲಂದ್ರ ವರ್ಷಪೂರ್ತಿ ಹೊರಗ ಕುಂಡ್ರತಿ."

ಆ ವರ್ಷ ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾಗುತ್ತವೆ ಎಂಬುದು ಗಟ್ಟಿಯಾಗಿತ್ತು. ಮುಂಬಯಿ ಪ್ರಾಂತದಿಂದ ನಾವು ಈ ಕಡೆ ಬರುವವರು, ಸರ್ ಆ ಕಡೆ ಉಳಿಯುವವರು. ದೀಪಾವಳಿಯ ಒಳಗೆ ತಮ್ಮ ಊರಿಗೆ ಹೋಗುವುದಾಗಿ ಅವರು ಹೇಳಿಬಿಟ್ಟಿದ್ದರು. ಐದು ಜನರಲ್ಲಿ ಒಬ್ಬನಾಗಬೇಕೆಂಬ ಆಸೆಯ ಜೊತೆಗೆ, ಅವರು ಹೋಗುವುದರೊಳಗೆ ಆಗಬೇಕೆಂಬ ಆಸೆಯೂ ಸೇರಿಕೊಂಡಿತು. ಆ ವಯಸ್ಸಿನಲ್ಲಿ ನನಗೆ ಇದಕ್ಕಿಂತ ದೊಡ್ಡ ವಿಷಯ ಜಗತ್ತಿನಲ್ಲಿ ಬೇರೆ ಇರಲಿಲ್ಲ.

ಚೆಂಡನ್ನು ಧೋತರದ ತುಂಡಿನಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಶಿರಹಟ್ಟಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಗಂಟನ್ನು ಒತ್ತಿ ನೋಡಿ, "ಕುಂಬಳಕಾಯಿ ಎಳೇದೈತಿ, ಇಷ್ಟ ಜಲ್ದಿ ಯಾಕ ಹರದಿ ತಮ್ಮಾ" ಎಂದು ಲಕ್ಷ್ಮೇಶ್ವರದವರೆಗೂ ಮರುಗಿದಳು. ನಾನು ತಿದ್ದಲು ಹೋಗಲಿಲ್ಲ.

ಲಕ್ಷ್ಮೇಶ್ವರದಲ್ಲಿ ಚೆಂಡು ಪುಟಿಸಲು ಜಾಗವೇ ಸಿಗಲಿಲ್ಲ. ಪೇಟೆಯ ತುಂಬ ಚೀಲಗಳು, ಓಣಿಯ ತುಂಬ ಎಮ್ಮೆಗಳು. ಊರ ಹೊರಗಿನ ನೆಲವೆಲ್ಲ ಎರೆ ಮಣ್ಣು, ಬೇಸಿಗೆಗೆ ಬಿರಿದು ಕೈ ತೂರಿಸುವಷ್ಟು ಬಾಯಿ ಬಿಟ್ಟಿತ್ತು. ಅದರ ಮೇಲೆ ಚೆಂಡು ಬಡಿದರೆ ಬಿದ್ದಲ್ಲೇ ಮಲಗುತ್ತಿತ್ತು. ಆಗ ಅಡರಕಟ್ಟಿಯ ಕಣ ನೆನಪಾಯಿತು.

ಕಣವೆಂದರೆ ಹೊಲದಲ್ಲಿ ರಾಶಿ ಮಾಡುವ ದುಂಡನೆಯ ಅಂಗಳ. ನೆಲಕ್ಕೆ ನೀರು ಹೊಡೆದು, ಎತ್ತುಗಳಿಂದ ತುಳಿಸಿ, ಮೇಲೆ ಸಗಣಿ ಸಾರಿಸಿ ಕಲ್ಲಿನ ಹಾಗೆ ಗಟ್ಟಿ ಮಾಡಿರುತ್ತಾರೆ. ನಟ್ಟನಡುವೆ ಒಂದು ಕಂಬ, ಅದಕ್ಕೆ ಮೇಟಿ ಎನ್ನುತ್ತೇವೆ. ಎತ್ತುಗಳನ್ನು ಮೇಟಿಗೆ ಕಟ್ಟಿ ಸುತ್ತಲೂ ತಿರುಗಿಸಿ ತೆನೆ ತುಳಿಸುತ್ತಾರೆ. ನಾನು ಹೋಗುವ ಹೊತ್ತಿಗೆ ಜೋಳದ ರಾಶಿ ಆಗಿ ಕಾಳು ಮನೆ ಸೇರಿತ್ತು, ಕಣ ಖಾಲಿ ಬಿದ್ದಿತ್ತು, ಮೇಟಿ ಮಾತ್ರ ಇನ್ನೂ ನಿಂತಿತ್ತು. ಬೆಳಿಗ್ಗೆ ಹೋಗಿ ಚೆಂಡು ಒಮ್ಮೆ ನೆಲಕ್ಕೆ ಬಡಿದು ನೋಡಿದೆ. ಕಾಲೇಜಿನ ಗರಸು ಮಣ್ಣಿನ ಮೈದಾನಕ್ಕಿಂತ ಚೆನ್ನಾಗಿ ಎದ್ದು ಕೈಗೆ ಬಂತು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆ ಖುಷಿಯಲ್ಲಿ ನಾನು ಮಾಡಿದ ಮೊದಲ ಕೆಲಸ ಬಲಗೈಯಲ್ಲಿ ಚೆಂಡು ಪುಟಿಸುತ್ತ ಮೇಟಿಯ ಸುತ್ತ ಓಡಿದ್ದು. ಸರ್ ಹೇಳಿದ್ದು ಎಡಗೈ ಎಂದು ನೆನಪಿತ್ತು. ಎಡಗೈ ನಾಳೆ ನೋಡಿದರಾಯಿತು, ಇವತ್ತು ಮೈ ಬಿಸಿಯಾಗಲಿ ಎಂದುಕೊಂಡೆ. ಬಲಗೈಯಲ್ಲಿ ಪುಟಿಸುವಾಗ ಮೇಟಿ ಎಡಕ್ಕೆ ಇರಬೇಕು, ಹಾಗೇ ಓಡಿದೆ. ಒಂದು ಸುತ್ತು ಆಗುವುದರೊಳಗೆ ಅತ್ತೆ ಬೇವಿನ ಮರದ ಕೆಳಗಿನಿಂದ ಕೂಗಿದಳು.

"ಲೇ, ನಿಂದರಲೇ. ಮೇಟಿ ಸುತ್ತ ಉಲ್ಟಾ ತಿರಗಾಕ ಹತ್ತೀಯಲ್ಲೋ. ಎತ್ತು ಹೆಂಗ ತಿರಗತಾವು ಹಂಗ ತಿರಗಬೇಕು. ಮೇಟಿ ಬಲಕ್ಕ ಇರಬೇಕು. ಮದಲ ಕಾಲಾಗಿನ ಚಪ್ಪಲಿ ತಗಿ."

"ರಾಶಿ ಮುಗದೈತಲ್ಲ ಅತ್ತಿ" ಎಂದೆ.

"ಮುಗದೈತಿ ಅನ್ನಬ್ಯಾಡ, ಕಣದಾಗ ನಿಂತು ಅಂಥಾ ಮಾತು ಆಡಬಾರದು. ಹೆಚ್ಚಾಗೇತಿ ಅನ್ನು. ಮೇಟಿ ನಿಂತೈತಿ ಅಂದ್ರ ಇನ್ನೂ ಕಣನ ಅದು."

ಕಣದ ಕಾನೂನು ನನಗೆ ಸಣ್ಣವನಿದ್ದಾಗಿನಿಂದ ಗೊತ್ತಿತ್ತು, ಪೇಟೆಯ ನೀರು ಕುಡಿದು ಮರೆತಿದ್ದೆ. ಅಲ್ಲಿ ಮುಗಿಯಿತು, ಇಲ್ಲ, ಒಡೆಯಿತು ಎನ್ನುವಂತಿಲ್ಲ. ಎಲ್ಲದಕ್ಕೂ ಹೆಚ್ಚಾಯಿತು ಎನ್ನಬೇಕು. ಎಣಿಸುವಾಗ ಒಂದು ಎನ್ನದೆ ಲಾಭ ಎಂದು ಸುರು ಮಾಡಬೇಕು. ಕಾಳು ಅಳೆಯುವಾಗ ಲಾಭ, ಎರಡು, ಮೂರು ಎಂದು ಮಾಮ ರಾಗವಾಗಿ ಎಣಿಸುತ್ತಿದ್ದುದು ನನ್ನ ಕಿವಿಯಲ್ಲಿ ಈಗಲೂ ಇದೆ. ನಾನು ಚೆಂಡಿನ ಸುತ್ತು ಎಣಿಸಿದಾಗಲೂ ಅತ್ತೆ ಅದನ್ನೇ ಹೇಳಿಸಿದಳು.

ಮರುದಿನ ಚೆಂಡು ಕೈತಪ್ಪಿ ಕಣದ ಅಂಚಿನ ಜಾಲಿಮುಳ್ಳಿನ ಬೇಲಿಗೆ ಹೋಗಿ ಬಿತ್ತು. ಒಳಗಿನ ಬ್ಲ್ಯಾಡರು ಸುಯ್ಯೆಂದು ಉಸಿರು ಬಿಟ್ಟಿತು. ನಾನು ತಲೆಗೆ ಕೈ ಹೊತ್ತು ಕುಳಿತೆ. ಅತ್ತೆ ಬಂದು ಚಪ್ಪಟೆಯಾದ ಚೆಂಡನ್ನು ನೋಡಿ, ಬಹಳ ಗಂಭೀರವಾಗಿ, "ಚೆಂಡು ಹೆಚ್ಚಾತಲ್ಲೋ ತಮ್ಮಾ" ಎಂದಳು. ಲಕ್ಷ್ಮೇಶ್ವರದ ಸೈಕಲ್ ಅಂಗಡಿಗೆ ಹೋಗಿ ಪಂಕ್ಚರ್ ಹಾಕಿಸಿಕೊಂಡು ಬರಲು ಒಂದು ಇಡೀ ದಿನ ಹೋಯಿತು.

ಇನ್ನೊಮ್ಮೆ ಹೀಗಾಗಬಾರದು ಎಂದು ಅತ್ತೆಯೇ ಒಂದು ಉಪಾಯ ಮಾಡಿದಳು. ಎತ್ತು ಕಟ್ಟುವ ಹಗ್ಗದ ಒಂದು ತುದಿಯನ್ನು ಮೇಟಿಗೆ ತಿರುಗುವ ಹಾಗೆ ಕುಣಿಕೆ ಹಾಕಿ ಕಟ್ಟಿದಳು. ಇನ್ನೊಂದು ತುದಿಯನ್ನು ನನ್ನ ಬಲಗೈಗೆ ಕೊಟ್ಟಳು. "ಇದನ್ನ ಬಿಡಬ್ಯಾಡ. ಹಗ್ಗ ಎಲ್ಲಿತನಕ ಬರತೈತಿ ಅಲ್ಲಿತನಕ ನಿನ್ನ ಆಟ. ಬೇಲಿ ಕಡೆ ಹೋಗೂದ ಬ್ಯಾಡ" ಎಂದಳು. ಮೇಟಿ ಬಲಕ್ಕೆ, ಹಗ್ಗ ಬಲಗೈಯಲ್ಲಿ. ಚೆಂಡಿಗೆ ಉಳಿದದ್ದು ಒಂದೇ ಕೈ.

ನಾನೇನು ಸರ್ ಮಾತಿಗೆ ಬೆಲೆ ಕೊಟ್ಟು ಎಡಗೈ ಹಿಡಿದವನಲ್ಲ. ಎತ್ತಿನ ಜಾಗದಲ್ಲಿ ನನ್ನನ್ನು ಕಟ್ಟಿದ್ದಕ್ಕೆ ಹಿಡಿದವನು. ಮೊದಮೊದಲು ಚೆಂಡು ಹೇಳಿದ ಮಾತು ಕೇಳಲಿಲ್ಲ. ಹಿಂದೆ ಉಳಿಯುವುದು, ಕಾಲ್ಬೆರಳ ಮೇಲೆ ಬೀಳುವುದು, ಕಣದಲ್ಲಿ ಎತ್ತಿನ ಗೊರಸಿನಿಂದ ಆದ ತಗ್ಗಿನಲ್ಲಿ ಸಿಕ್ಕು ದಿಕ್ಕು ತಪ್ಪುವುದು. ಬಿಸಿಲು ಏರುವ ಮುಂಚೆ ಸ್ವಲ್ಪ ಹೊತ್ತು, ಇಳಿಬಿಸಿಲಿನಲ್ಲಿ ಸ್ವಲ್ಪ ಹೊತ್ತು ತಿರುಗುತ್ತಿದ್ದೆ. ಅಂಗೈ ಸಗಣಿಯ ವಾಸನೆ ಹಿಡಿಯಿತು. ಆಮೇಲೆ ಒಂದು ಬೆಳಿಗ್ಗೆ, ಯಾವುದೆಂದು ನೆನಪಿಲ್ಲ, ಚೆಂಡು ನೆಲದಿಂದ ಎದ್ದು ಬಂದಾಗ ಬೆರಳುಗಳು ತಾವೇ ಅರಳಿ ಅದನ್ನು ಎದುರುಗೊಂಡವು. ಕಳೆದು ಹೋದವನೊಬ್ಬ ಮನೆಯ ದಾರಿ ಹಿಡಿದ ಹಾಗೆ ಅನಿಸಿತು.

ಅತ್ತೆ ಬೇವಿನ ನೆರಳಿನಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸುಮ್ಮನೆ ಕೂಡುವ ಹೆಣ್ಣಲ್ಲ. ನಾನು ತಿರುಗುತ್ತಿದ್ದರೆ ಅವಳು ಲಕ್ಷ್ಮೇಶ್ವರದ ಖಬರೆಲ್ಲ ಕೇಳುತ್ತಿದ್ದಳು. ಯಾರ ಮನೆಯಲ್ಲಿ ಲಗ್ನ, ಯಾರ ಸೊಸೆ ಬಾಣಂತನಕ್ಕೆ ಹೋದಳು, ರಾಜ್ಯ ಒಂದಾದ ಮೇಲೆ ಕಚೇರಿಯ ಕೆಲಸಕ್ಕೆ ಬೆಳಗಾವಿಗೆ ಹೋಗಬೇಕೋ ಮೈಸೂರಿಗೆ ಹೋಗಬೇಕೋ. ನಾನು ಚೆಂಡು ನೋಡುತ್ತ ಉತ್ತರ ಕೊಟ್ಟರೆ ಅವಳಿಗೆ ಸೇರುತ್ತಿರಲಿಲ್ಲ. "ಹಿರ್ಯಾರು ಮಾತಾಡಿಸಿದಾಗ ಮಾರಿ ನೋಡಿ ಮಾತಾಡು. ನೆಲ ನೋಡಿ ಮಾತಾಡಾಕ ನೀ ಏನ ಕಳವು ಮಾಡಿದಿ?" ಎನ್ನುತ್ತಿದ್ದಳು. ತಲೆ ಎತ್ತಿ ಅವಳ ಮುಖ ನೋಡುತ್ತ, ಯಾರದೋ ಸೊಸೆಯ ಬಾಣಂತನ ವರ್ಣಿಸುತ್ತ, ಎಡಗೈಯಲ್ಲಿ ಚೆಂಡು ಪುಟಿಸುತ್ತ ಮೇಟಿ ಸುತ್ತಿದೆ. ಕಣ್ಣು ಚೆಂಡಿನ ಮೇಲೆ ಇರಬಾರದು ಎಂದು ಸರ್ ವರ್ಷವಿಡೀ ಕೂಗಿದ್ದು ನನಗೆ ಬಂದದ್ದು ಹೀಗೆ.

ಅತ್ತೆಯ ಗಮನವೆಲ್ಲ ನಾನು ಸುತ್ತುವ ದಿಕ್ಕಿನ ಮೇಲೆ ಇತ್ತು, ಕೈಯ ಮೇಲೆ ಇರಲಿಲ್ಲ. ಕೈ ಕಂಡದ್ದು ಮಾಮನಿಗೆ. ಒಂದು ಸಂಜೆ ಎತ್ತಿಗೆ ನೀರು ಕುಡಿಸಿಕೊಂಡು ಬಂದವನು ಸ್ವಲ್ಪ ಹೊತ್ತು ನಿಂತು ನೋಡಿ, "ಹುಡುಗ ಎಡಗೈಲೆ ಬಡ್ಯಾಕ ಹತ್ಯಾನಲ್ಲ" ಎಂದ. ವಾರಕ್ಕೊಂದು ಮಾತಾಡುವ ಮನುಷ್ಯ, ಅವತ್ತಿನ ಮಾತು ಅದಾಗಿತ್ತು. ಅತ್ತೆಯ ಕೈಯಲ್ಲಿ ಮೊರ ನಿಂತಿತು.

"ಬಲಗೈಲೆ ಬಡಿ" ಎಂದಳು.

"ಬಲಗೈಯಾಗ ಹಗ್ಗ ಐತಿ ಅತ್ತಿ."

"ಹಗ್ಗ ಎಡಗೈಗೆ ತಗೋ."

ತಗೊಂಡು ತೋರಿಸಿದೆ. ಹಗ್ಗ ಮೈಗೆ ಅಡ್ಡ ಬಂದು ಚೆಂಡಿಗೆ ತೊಡರಿತು. "ಹಗ್ಗ ಎಡಗೈಯಾಗ ಹಿಡದ್ರ ಮೇಟಿನೂ ಎಡಕ್ಕ ಬರಬೇಕು. ಉಲ್ಟಾ ತಿರಗಬೇಕಾಕ್ಕೈತಿ" ಎಂದೆ. ಅತ್ತೆ ಎದ್ದು ಕಣದ ಅಂಚಿಗೆ ಬಂದು ನಿಂತಳು. ಒಮ್ಮೆ ಮೇಟಿ ನೋಡಿದಳು, ಒಮ್ಮೆ ನನ್ನ ಕೈ ನೋಡಿದಳು. ಬೇಡ ಎಂದು ಹಗ್ಗ ಬಿಚ್ಚಿದಳೆಂದರೆ ನನಗೆ ಬೇರೆ ಕಣವೂ ಇರಲಿಲ್ಲ, ಬೇರೆ ಬೇಸಿಗೆಯೂ ಇರಲಿಲ್ಲ.

"ಈ ಆಟಕ್ಕ ಎಡಗೈ ಬೇಕ ಬೇಕೇನು?" ಎಂದಳು.

ಎಲ್ಲ ಹೇಳಿದೆ. ಧಾರವಾಡದಲ್ಲಿ ಆದದ್ದು, ಸರ್ ಇಟ್ಟ ಷರತ್ತು, ಬೆಟಗೇರಿಯವರ ಮ್ಯಾಚು.

"ಎಡಗೈ ಬರಲಿಲ್ಲಂದ್ರ?"

"ಹೊರಗ ಕುಂಡ್ರಸತಾರ."

"ಎಲ್ಲಾರೂ ಆಡುವಾಗ ನೀ ಒಬ್ಬಾಂವ ಹೊರಗ?"

"ಹೂಂ" ಎಂದೆ.

ನಾನು ಸಾಲಿನಲ್ಲಿ ಬೇರೆಯಾಗಬಾರದು ಎಂದೇ ಆ ಕೈಗೆ ಬಟ್ಟೆ ಸುತ್ತಿದವಳು ಅವಳು. ಈಗ ಆ ಕೈ ಇಲ್ಲದ್ದಕ್ಕೇ ನಾನು ಸಾಲಿನ ಹೊರಗೆ. ಅವಳ ಮನಸ್ಸಿನಲ್ಲಿ ಏನು ಓಡಿತೋ ನಾನು ಕಂಡವನಲ್ಲ. ಕಡೆಗೆ, "ಮೇಟಿ ಭೂಮ್ತಾಯಿದು. ಆಕಿದು ಕೆಡಸೂದು ನನ್ನ ಕೈಲೆ ಆಗೂದಿಲ್ಲ. ಕೈ ನಿಂದು" ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿ, "ಊಟಕ್ಕ ಮಾತ್ರ ಬಲಗೈ. ತಿಳೀತಿಲ್ಲೋ?" ಎಂದು ಸೇರಿಸಿದಳು. ಮೊರದ ಸದ್ದು ಮತ್ತೆ ಸುರುವಾಯಿತು, ನಾನೂ ಸುರು ಮಾಡಿದೆ.

ರೋಹಿಣಿ ಮಳೆಯ ಮೊದಲ ಹನಿ ಬೀಳುವವರೆಗೂ ಆಡಿದೆ. ಮಳೆ ಬಂದ ಮೇಲೆ ಕಣ ಮೆತ್ತಗಾಯಿತು. ಮಾಮ ಮೇಟಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕಿತ್ತು ಗೋಡೆಗೆ ಒರಗಿಸಿದ. ಕಣದ ಮೇಲೆ ನೇಗಿಲು ಹೋಯಿತು. ನಾನು ಓಡಿದ ಜಾಗದಲ್ಲಿ ಆ ವರ್ಷ ಹೆಸರು ಬಿತ್ತಿದರು.

ಕಾಲೇಜು ಸುರುವಾದ ಮೇಲೆ ಸರ್ ಮಾತಿನಂತೆ ಬೆಟಗೇರಿಯವರ ಜೊತೆ ಮ್ಯಾಚ್ ಇಟ್ಟರು. ಬೆಟಗೇರಿಯ ಹುಡುಗರು ಮಗ್ಗದ ಮನೆಯವರು. ದಿನವಿಡೀ ಲಾಳಿ ಆಡಿಸಿ ಅವರಿಗೆ ಎರಡೂ ಕೈ ಒಂದೇ ಆಗಿತ್ತು. ನನ್ನನ್ನು ಕಾಯಲು ನಿಂತವನಿಗೆ ಧಾರವಾಡದ ಕಥೆ ಗೊತ್ತಿತ್ತು. ನಗುತ್ತ ನನ್ನ ಬಲಕ್ಕೆ ಬಂದು ನಿಂತು, ಎಡಗಡೆ ಕೈ ತೋರಿಸಿ, "ಹೋಗಪಾ, ದಾರಿ ಬಿಟ್ಟೇನಿ" ಎಂದ.

ಮೊದಲನೆಯ ಸಲ ಹೋದೆ, ಚೆಂಡು ನನ್ನ ಕಾಲಿಗೇ ಬಡಿದು ಹೊರಗೆ ಹೋಯಿತು. ಅಂಚಿನಲ್ಲಿ ಕುಳಿತವರು ನಕ್ಕರು. ಸರ್ ಮುಖ ಆ ಕಡೆ ತಿರುಗಿಸಿದರು. ನನ್ನ ಬಲಗೈ ಖಾಲಿ ಇದೆ, ಹಿಡಿಯಲು ಏನೂ ಇಲ್ಲ, ಅದಕ್ಕೇ ಮೈ ಓಲಾಡುತ್ತಿದೆ ಎಂದು ಆಗ ಹೊಳೆಯಿತು. ಮತ್ತೆ ಚೆಂಡು ಬಂದಾಗ ಹಗ್ಗ ಇದ್ದ ಹಾಗೆ ಬಲಗೈ ಮುಷ್ಟಿ ಮಾಡಿಕೊಂಡೆ. ಎದುರಿಗೆ ನಿಂತ ಬೆಟಗೇರಿಯವನನ್ನು ಮೇಟಿ ಎಂದುಕೊಂಡೆ. ತಲೆ ಎತ್ತಿದೆ. ಅವನನ್ನು ಬಲಕ್ಕೆ ಇಟ್ಟುಕೊಂಡು ಅರ್ಧ ಸುತ್ತು ಹಾಕಿದೆ. ಚೆಂಡು ಮೊಣಕಾಲಿನ ಕೆಳಗೇ ಇತ್ತು, ಎಡಗೈಯ ಜೊತೆಗೇ ಬಂತು. ಅವನು ತಿರುಗುವುದರೊಳಗೆ ರಿಂಗಿನ ಹತ್ತಿರ ಹೋಗಿ ಎಡಗೈಯಿಂದಲೇ ಬೋರ್ಡಿಗೆ ತಾಗಿಸಿ ಹಾಕಿದೆ. ಚೆಂಡು ಒಳಗೆ ಬಿತ್ತು.

"ಲಾಭ" ಎಂದೆ.

ಬೇಕೆಂದು ಅಂದದ್ದಲ್ಲ, ಬಾಯಿಂದ ಬಂದುಹೋಯಿತು. ಬೆಟಗೇರಿಯವನು ಏನೋ ಮೋಸವಾಯಿತೆಂದು ಸುತ್ತಮುತ್ತ ನೋಡಿದ. ಅರ್ಥವಾದದ್ದು ಮುಂಡರಗಿಯ ನಮ್ಮ ಎತ್ತರದವನಿಗೆ ಮಾತ್ರ, ಅವನದೂ ಒಕ್ಕಲುತನದ ಮನೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತ ನಿಂತ, ಅಷ್ಟರಲ್ಲಿ ಎದುರಿನವರು ಓಡಿ ಹೋಗಿ ನಮಗೆ ಒಂದು ಹಾಕಿಬಿಟ್ಟರು. ಸರ್ ಅವನನ್ನು ಮರಾಠಿಯಲ್ಲಿ ಬೈದರು. ಆಮೇಲೆ ಬೆಟಗೇರಿಯವನು ಜಾಣನಾಗಿ ನನ್ನ ಎಡಕ್ಕೆ ಸರಿದ. ಸರಿದ ಕೂಡಲೇ ನನ್ನ ಹಳೆಯ ಬಲಗೈ ಬಾಗಿಲು ತೆರೆಯಿತು. ಆ ಮ್ಯಾಚ್ ನಾವು ಸೋತೆವು, ಆದರೆ ನಾನು ಅಷ್ಟು ಸಂತೋಷದಿಂದ ಸೋತದ್ದು ಜೀವನದಲ್ಲಿ ಅದೊಂದೇ ಸಲ.

ಮ್ಯಾಚ್ ಆದ ಮೇಲೆ ಸರ್ ಐದು ಜನರ ಹೆಸರು ಕರೆದರು. ನಾಲ್ಕು ಹೆಸರು ಆದವು. ನನ್ನ ಹೆಸರು ಬರಲಿಲ್ಲ. ಐದನೆಯದಕ್ಕೆ ಅವರು ನನ್ನ ಕಡೆ ನೋಡಿ, "ಡಾವಾ" ಎಂದರು. ಕಾಲೇಜು ಬಿಡುವವರೆಗೂ ಅದೇ ನನ್ನ ಹೆಸರಾಯಿತು.

"ಯಾರು ಕಲಿಸಿದರು?" ಎಂದು ಕೇಳಿದರು.

"ನಮ್ಮತ್ತಿ" ಎಂದೆ. ಎಲ್ಲರೂ ನಕ್ಕರು, ಸರ್ ನಗಲಿಲ್ಲ. ಹಗ್ಗ, ಮೇಟಿ, ಬಾಣಂತನದ ಖಬರು ಎಲ್ಲವನ್ನೂ ಬಿಡಿಸಿ ಕೇಳಿದರು. ಮಳೆಗಾಲ ಕಳೆದು ಅವರು ಊರಿಗೆ ಹೊರಟ ದಿನ ನಾವೆಲ್ಲ ಗದಗಿನ ಸ್ಟೇಶನ್ನಿಗೆ ಹೋಗಿದ್ದೆವು. ಗಾಡಿ ಬಿಡುವ ಹೊತ್ತಿಗೆ ಕಿಟಕಿಯಿಂದ ಬಗ್ಗಿ, "ನಿಮ್ಮ ಅತ್ತೆಗೆ ಹೇಳು, ಡಾವಾ ಕೈ ನನಗ ಮುಟ್ಟಿತು" ಎಂದರು. ಅವರನ್ನು ನಾನು ಮತ್ತೆ ನೋಡಲಿಲ್ಲ. ನನ್ನಲ್ಲಿ ಇಲ್ಲದ್ದು ಏನೆಂದು ಮುಚ್ಚುಮರೆಯಿಲ್ಲದೆ ಹೇಳಿ, ಅದನ್ನು ತಂದಾಗ ಗುರುತಿಸಿದವರು ಅವರು. ಆ ಉಪಕಾರ ದೊಡ್ಡದು.

ದೀಪಾವಳಿಗೆ ಊರಿಗೆ ಬಂದೆ. ರಾಜ್ಯ ಒಂದಾಗಿತ್ತು, ಗದಗಿನಲ್ಲಿ ಓಣಿ ಓಣಿಗೆ ತೋರಣ ಕಟ್ಟಿದ್ದರು. ನಾನು ಲಕ್ಷ್ಮೇಶ್ವರದಲ್ಲಿ ಇಳಿದು ಮನೆಗೆ ಮುಖ ತೋರಿಸಿ, ಅಡರಕಟ್ಟಿಗೆ ಹೋದೆ. ಅತ್ತೆ ಒಲೆಯ ಮುಂದೆ ಶೇಂಗಾ ಹೋಳಿಗೆ ಬೇಯಿಸುತ್ತಿದ್ದಳು. ಅವಳ ಪಕ್ಕ ಕುಳಿತು, ಬೆಟಗೇರಿಯ ಮ್ಯಾಚಿನಿಂದ ಹಿಡಿದು ಸ್ಟೇಶನ್ನಿನವರೆಗೆ ಎಲ್ಲ ಹೇಳಿದೆ. ಸರ್ ಹೇಳಿ ಕಳಿಸಿದ ಮಾತನ್ನೂ ಹೇಳಿದೆ. ಅವಳು ಕೇಳುತ್ತ ಒಂದು ಹೋಳಿಗೆ ತಿರುವಿ ಹಾಕಿದಳು, ಇನ್ನೊಂದು ತಿರುವಿ ಹಾಕಿದಳು.

"ಒಳಗ ಆಡಿದಿ?" ಎಂದಳು.

"ಆಡಿದೆ ಅತ್ತಿ. ಐದು ಮಂದ್ಯಾಗ ಆಡಿದೆ."

"ಯಾರೂ ನಗಲಿಲ್ಲ?"

"ಮದಲ ನಕ್ಕರು. ಆಮ್ಯಾಲ ನಗಲಿಲ್ಲ."

ಅತ್ತೆ ಹೆಂಚಿನ ಮೇಲಿನ ಹೋಳಿಗೆ ತೆಗೆದು, ತುಪ್ಪ ಹಚ್ಚಿ ಮಡಚಿದಳು. ನಾನು ಬಲಗೈ ಚಾಚಿದೆ. ಅವಳು ಕೊಡಲಿಲ್ಲ. ನನ್ನ ಎಡಗೈಯ ಮಣಿಕಟ್ಟು ಹಿಡಿದು ಎಳೆದುಕೊಂಡಳು. ಬೆರಳು ಬಿಡಿಸಿ ಅಂಗೈ ಅಗಲ ಮಾಡಿದಳು, ಮೊದಲು ಮುಷ್ಟಿ ಮಾಡಿಸಿ ಬಟ್ಟೆ ಸುತ್ತುತ್ತಿದ್ದ ಅದೇ ಕೈಗಳಿಂದ. ಹೋಳಿಗೆಯನ್ನು ಅದರಲ್ಲಿಟ್ಟಳು. ರೂಢಿಯಂತೆ ನಾನು ಅದನ್ನು ಬಲಗೈಗೆ ದಾಟಿಸಲು ಹೋದೆ.

"ಆ ಕೈಗೆ ಕೊಟ್ಟಿಲ್ಲ ನಾ" ಎಂದಳು ಅತ್ತೆ. ಕಣ್ಣು ತುಂಬಿದ್ದವು, ಹೊಗೆಯ ನೆವ ಹೇಳಲಿಲ್ಲ. "ಈ ಕೈಗೆ ಕೊಟ್ಟೇನಿ. ತಿನ್ನು."

ಅವಳ ಎದುರಿಗೇ ಕುಳಿತು, ಎಡಗೈಯಿಂದ ಮುರಿದು, ಪೂರ್ತಿ ತಿಂದೆ.